ಮಬ್ಬು ಬೆಳಕಿನಲ್ಲಿ ಕಣ್ಣು ಯಾಕೆ ತಪ್ಪುತ್ತದೆ? ಸಾವಿರ ವರ್ಷದ ಹಿಂದೆಯೇ ಲೆಕ್ಕ ಕೊಟ್ಟ ಇಬ್ನುಲ್ ಹೈಸಮ್

ಮಗ್ರಿಬ್ ನಮಾಝ್ ಮುಗಿಸಿ ಮಸೀದಿಯಿಂದ ಹೊರಗೆ ಬರುವಾಗ ರಸ್ತೆಯಲ್ಲಿ ಕತ್ತಲು ಕವಿಯುತ್ತಿರುತ್ತದೆ. ಎದುರಿನಿಂದ ಯಾರೋ ಬರುತ್ತಾರೆ. ಎತ್ತರ, ನಡಿಗೆ, ತಲೆಯ ಟೊಪ್ಪಿ ನೋಡಿ ಪಕ್ಕದ ಮನೆಯವರೇ ಅಂತ ಸಲಾಂ ಹೇಳಿ ಮಾತಿಗೆ ನಿಂತರೆ, ಹತ್ತಿರ ಬಂದ ಮೇಲೆ ಗೊತ್ತಾಗುತ್ತದೆ, ಇವರು ಬೇರೆಯೇ ಜನ. ಎಲ್ಲರಿಗೂ ಆಗುವ ಅನುಭವ ಇದು. ಹೇಳಿದ ಸಲಾಂ ಏನೂ ನಷ್ಟವಲ್ಲ, ಇಬ್ಬರೂ ನಗಾಡಿ ಮುಂದೆ ಹೋಗುತ್ತಾರೆ.

ಇದೇ ತಪ್ಪನ್ನು ಪೊಲೀಸರ ಕಂಪ್ಯೂಟರ್ ಮಾಡಿದರೆ? ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹಾಗೆಯೇ ಆಯಿತು. ಅಂಗಡಿಯೊಂದರಲ್ಲಿ ವಾಚು ಕಳ್ಳತನವಾಗಿತ್ತು. ಸಿಸಿಟಿವಿಯ ಮಸುಕಾದ, ಬೆಳಕು ಕಡಿಮೆ ಇದ್ದ ಚಿತ್ರವನ್ನು ಮುಖ ಗುರುತಿಸುವ ಸಾಫ್ಟ್‌ವೇರ್‌ಗೆ ಹಾಕಿದರು. ಅದು ಒಬ್ಬ ಕಪ್ಪು ವರ್ಣೀಯರ ಹಳೆಯ ಡ್ರೈವಿಂಗ್ ಲೈಸೆನ್ಸ್ ಫೋಟೋವನ್ನು ತೋರಿಸಿತು. 2020ರ ಜನವರಿಯಲ್ಲಿ ಹೆಂಡತಿ, ಎರಡು ಹೆಣ್ಣು ಮಕ್ಕಳ ಕಣ್ಣೆದುರೇ ಅವರನ್ನು ಬಂಧಿಸಲಾಯಿತು. ಸುಮಾರು 30 ಗಂಟೆ ಕಸ್ಟಡಿಯಲ್ಲಿಟ್ಟರು. ಆಮೇಲೆ ನೋಡಿದರೆ ಕಳ್ಳ ಅವರಲ್ಲವೇ ಅಲ್ಲ.

ಕಡಿಮೆ ಬೆಳಕಿನಲ್ಲಿ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವ ಈ ತಪ್ಪು ಹೇಗೆ ಹುಟ್ಟುತ್ತದೆ ಎಂದು ಕೂತು ಯೋಚಿಸಿ, ಪ್ರಯೋಗ ಮಾಡಿ, ಪಟ್ಟಿ ಮಾಡಿ ಬರೆದಿಟ್ಟವರು ಒಬ್ಬರಿದ್ದಾರೆ. ಅವರ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ, ಕನ್ನಡಕ ಕೂಡ ಇರಲಿಲ್ಲ. ಅವರೇ ಅಬೂ ಅಲಿ ಅಲ್ ಹಸನ್ ಇಬ್ನು ಅಲ್ ಹಸನ್ ಇಬ್ನುಲ್ ಹೈಸಮ್. ಯುರೋಪಿನವರು ಕರೆದದ್ದು ಅಲ್‌ಹಝೆನ್ ಎಂದು.

ಬಸ್ರಾದಿಂದ ಕೈರೋಗೆ

ಇಬ್ನುಲ್ ಹೈಸಮ್ ಹುಟ್ಟಿದ್ದು ಸುಮಾರು ಕ್ರಿ.ಶ. 965ರಲ್ಲಿ (ಹಿಜರಿ 354), ಇರಾಕಿನ ಬಸ್ರಾದಲ್ಲಿ. ಬಸ್ರಾ ಆಗ ದೊಡ್ಡ ಬಂದರು. ಅಲ್ಲಿಂದ ಹೊರಟ ಹಡಗುಗಳು ಮಳೆಗಾಳಿಯ ಲೆಕ್ಕ ಹಿಡಿದು ಭಾರತದ ಪಶ್ಚಿಮ ಕರಾವಳಿಗೂ ಬರುತ್ತಿದ್ದವು. ವ್ಯಾಪಾರದ ಜತೆ ವಿದ್ಯೆಗೂ ಹೆಸರಾದ ಊರು ಅದು. ಗ್ರೀಕ್ ಭಾಷೆಯ ಗಣಿತ, ಖಗೋಳ, ವೈದ್ಯಕೀಯ ಗ್ರಂಥಗಳು ಬಗ್ದಾದಿನ ಅನುವಾದಕರ ಕೈಯಿಂದ ಅರಬಿಗೆ ಬಂದು ಆಗಲೇ ನೂರು ವರ್ಷ ದಾಟಿತ್ತು. ಅವನ್ನೆಲ್ಲ ಓದಿ ಅರಗಿಸಿಕೊಂಡು ಬೆಳೆದವರು ಇಬ್ನುಲ್ ಹೈಸಮ್.

ಅವರ ಬದುಕಿನ ದೊಡ್ಡ ತಿರುವಿನ ಬಗ್ಗೆ 13ನೇ ಶತಮಾನದ ಚರಿತ್ರೆಕಾರ ಇಬ್ನುಲ್ ಕಿಫ್ತಿ ಬರೆದಿದ್ದಾರೆ. ಈಜಿಪ್ಟಿನ ನೈಲ್ ನದಿ ಒಂದು ವರ್ಷ ಉಕ್ಕಿ ಹರಿದು ಬೆಳೆ ಮುಳುಗಿಸುತ್ತದೆ, ಮತ್ತೊಂದು ವರ್ಷ ನೀರೇ ಸಾಲದೆ ಬರಗಾಲ ತರುತ್ತದೆ. ತಾನು ಈಜಿಪ್ಟಿನಲ್ಲಿದ್ದರೆ ಎರಡೂ ಕಾಲಕ್ಕೆ ಉಪಯೋಗವಾಗುವಂತೆ ನದಿಯನ್ನು ಹಿಡಿತಕ್ಕೆ ತರುತ್ತಿದ್ದೆ ಎಂದು ಇಬ್ನುಲ್ ಹೈಸಮ್ ಹೇಳಿದರಂತೆ. ಮಾತು ಕೈರೋದ ಫಾತಿಮೀ ಖಲೀಫಾ ಅಲ್ ಹಾಕಿಮ್‌ನ ಕಿವಿಗೆ ಬಿತ್ತು. ಆತ ಅವರನ್ನು ಕರೆಸಿ, ನಗರದ ಹೊರಗೇ ಬಂದು ಎದುರುಗೊಂಡು, ಕೆಲಸಗಾರರನ್ನು ಜತೆಗೆ ಕೊಟ್ಟು ದಕ್ಷಿಣಕ್ಕೆ ಕಳುಹಿಸಿದ.

ನದಿಯ ದಡ ಹಿಡಿದು ಹೋಗುತ್ತಾ ಇಬ್ನುಲ್ ಹೈಸಮ್ ಪುರಾತನ ಈಜಿಪ್ಟಿನವರ ಕಟ್ಟಡಗಳನ್ನು ನೋಡಿದರು. ಅಷ್ಟು ಲೆಕ್ಕಾಚಾರ, ಅಷ್ಟು ನಿಖರತೆ ಇದ್ದ ಜನರು ನೈಲ್ ನದಿಯನ್ನು ಕಟ್ಟಿಹಾಕಲು ಸಾಧ್ಯವಿದ್ದರೆ ಆವಾಗಲೇ ಕಟ್ಟಿರುತ್ತಿದ್ದರು ಎಂದು ಅವರಿಗೆ ಹೊಳೆಯಿತು. ಅಸ್ವಾನ್ ಹತ್ತಿರ ನೆಲದ ಸ್ಥಿತಿ ನೋಡಿದ ಮೇಲೆ ತನ್ನ ಯೋಜನೆ ನಡೆಯುವುದಿಲ್ಲ ಎಂದು ಖಚಿತವಾಯಿತು. ಅಸ್ವಾನ್‌ನಲ್ಲಿ ಈಗಿನ ದೊಡ್ಡ ಅಣೆಕಟ್ಟು ಮುಗಿದದ್ದು 1970ರಲ್ಲಿ, ಯಂತ್ರಗಳ ಕಾಲದಲ್ಲಿ.

ಹಿಂದೆ ಬಂದು ಖಲೀಫನ ಎದುರು ಆಗುವುದಿಲ್ಲ ಎಂದು ಒಪ್ಪಿಕೊಂಡರು. ಅಲ್ ಹಾಕಿಮ್ ಯಾವಾಗ ಏನು ಮಾಡುತ್ತಾನೆ ಎಂದು ಹೇಳಲಿಕ್ಕಾಗದ ಆಳುವವ, ದೊಡ್ಡ ದೊಡ್ಡ ಅಧಿಕಾರಿಗಳನ್ನೇ ಕೊಲ್ಲಿಸಿದವ. ಆ ದಿನ ಏನೂ ಮಾಡಲಿಲ್ಲ, ಒಂದು ಸರ್ಕಾರಿ ಹುದ್ದೆಯನ್ನೂ ಕೊಟ್ಟ. ಆದರೆ ಆತನ ಹತ್ತಿರದಲ್ಲಿ ಇರುವುದೇ ಜೀವಕ್ಕೆ ಅಪಾಯ. ಬಿಟ್ಟು ಹೋಗುವಂತೆಯೂ ಇಲ್ಲ. ಕೊನೆಗೆ ಇಬ್ನುಲ್ ಹೈಸಮ್ ಹುಚ್ಚನಂತೆ ನಟಿಸಿದರು. ಅವರ ಆಸ್ತಿ ಜಪ್ತಿಯಾಯಿತು, ನೋಡಿಕೊಳ್ಳಲು ಜನ ನೇಮಕವಾಯಿತು, ಅವರನ್ನು ಮನೆಯಲ್ಲೇ ಇರಿಸಲಾಯಿತು. 1021ರಲ್ಲಿ ಅಲ್ ಹಾಕಿಮ್ ಇಲ್ಲವಾದ ಮೇಲೆಯೇ ಅವರ ಹುಚ್ಚು ವಾಸಿಯಾದದ್ದು.

ವರ್ಷಕ್ಕೆ 150 ದೀನಾರ್

ಬಿಡುಗಡೆಯಾದ ಮೇಲೆ ಅವರು ಅಲ್ ಅಝ್‌ಹರ್ ಮಸೀದಿಯ ಬಾಗಿಲಿನ ಹತ್ತಿರ ವಾಸ ಮಾಡಿದರು. ಇನ್ನೊಮ್ಮೆ ಯಾವ ಅರಮನೆಯ ಸಂಬಳಕ್ಕೂ ಕೈಚಾಚಲಿಲ್ಲ. ಅವರ ಜೀವನೋಪಾಯ ಪುಸ್ತಕ ನಕಲು ಮಾಡುವುದು. ಯೂಕ್ಲಿಡ್‌ನ ರೇಖಾಗಣಿತ, ಟಾಲೆಮಿಯ ಖಗೋಳ ಗ್ರಂಥ ಅಲ್ಮಜಸ್ತಿ, ಇವೆರಡರ ನಡುವೆ ಓದುವ ಗಣಿತ ಪುಸ್ತಕಗಳು, ಇಷ್ಟನ್ನು ವರ್ಷಕ್ಕೊಮ್ಮೆ ಕೈಯಲ್ಲೇ ಬರೆದು ಮಾರುತ್ತಿದ್ದರು. ಸಿಗುತ್ತಿದ್ದದ್ದು 150 ಈಜಿಪ್ಟ್ ದೀನಾರ್. ಬೆಲೆಯಲ್ಲಿ ಚೌಕಾಸಿ ಇಲ್ಲ, ವರ್ಷದ ಖರ್ಚು ಅದರಲ್ಲೇ ಮುಗಿಯಬೇಕು. ಉಳಿದ ಸಮಯವೆಲ್ಲ ತನ್ನ ಸಂಶೋಧನೆಗೆ.

ಸಣ್ಣ ವ್ಯಾಪಾರ ಮಾಡಿ ಮನೆ ನಡೆಸುವವರಿಗೆ ಈ ಲೆಕ್ಕದ ಬೆಲೆ ಬೇಗ ಅರ್ಥವಾಗುತ್ತದೆ. ದೊಡ್ಡ ಆದಾಯ ಅಲ್ಲ. ಆದರೆ ಯಾರ ಹಂಗೂ ಇಲ್ಲದ ದುಡ್ಡು. ಆ ದುಡ್ಡಿನ ಮೇಲೆ ನಿಂತು ಗಣಿತ, ಖಗೋಳ, ಬೆಳಕಿನ ಬಗ್ಗೆ ಬರೆಯುತ್ತಾ ಹೋದರು. ಅವರ ಹೆಸರಿನಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳ ಪಟ್ಟಿ ಉಂಟು. ಕಿಬ್ಲಾದ ದಿಕ್ಕನ್ನು ಲೆಕ್ಕ ಹಾಕುವುದು ಹೇಗೆ, ಚಂದ್ರನ ಬೆಳಕು ಎಂದರೆ ಏನು, ಗ್ರಹಣದ ಸಮಯ ಸಣ್ಣ ತೂತಿನಿಂದ ಬಿದ್ದ ಸೂರ್ಯನ ಬಿಂಬ ಯಾಕೆ ಕುಡುಗೋಲಿನ ಹಾಗೆ ಕಾಣುತ್ತದೆ ಎನ್ನುವುದೆಲ್ಲ ಅದರಲ್ಲಿವೆ. ಎಲ್ಲಕ್ಕಿಂತ ದೊಡ್ಡದು ಏಳು ಭಾಗಗಳ ಕಿತಾಬುಲ್ ಮನಾಝಿರ್. ನೋಡುವುದರ ಬಗ್ಗೆ ಬರೆದ ಪುಸ್ತಕ.

ಕಣ್ಣಿನಿಂದ ಕಿರಣ ಹೊರಡುವುದಿಲ್ಲ

ಆ ಕಾಲದಲ್ಲಿ ದೊಡ್ಡ ಜಗಳ ಒಂದಿತ್ತು. ಯೂಕ್ಲಿಡ್, ಟಾಲೆಮಿಯಂತಹ ಗಣಿತಜ್ಞರು ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ, ಹಾಗಾಗಿ ಕಾಣುತ್ತದೆ ಎನ್ನುತ್ತಿದ್ದರು. ಅರಿಸ್ಟಾಟಲ್‌ನ ಕಡೆಯವರು ವಸ್ತುವಿನ ರೂಪವೇ ಕಣ್ಣಿಗೆ ಬರುತ್ತದೆ ಎನ್ನುತ್ತಿದ್ದರು. ಇಬ್ನುಲ್ ಹೈಸಮ್ ತುಂಬಾ ಸರಳವಾದ ಜಾಗದಿಂದ ಶುರು ಮಾಡಿದರು. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣು ನೋಯುತ್ತದೆ. ಜೋರು ಬೆಳಕನ್ನು ನೋಡಿ ಕಣ್ಣು ಮುಚ್ಚಿದರೂ ಅದರ ಕಲೆ ಸ್ವಲ್ಪ ಹೊತ್ತು ಉಳಿಯುತ್ತದೆ. ಅಂದರೆ ಹೊರಗಿನಿಂದ ಏನೋ ಕಣ್ಣಿಗೆ ಬಂದು ಕೆಲಸ ಮಾಡುತ್ತಿದೆ. ಅದೇ ಬೆಳಕು.

ಕತ್ತಲೆ ಕೋಣೆಯ ಪ್ರಯೋಗ ಅವರದು ಪ್ರಸಿದ್ಧ. ಒಂದು ತೂತಿನ ಎದುರು ಬೇರೆ ಬೇರೆ ಜಾಗದಲ್ಲಿ ಹಲವು ದೀಪ ಇಟ್ಟರು. ಕೋಣೆಯ ಒಳಗಿನ ಗೋಡೆಯಲ್ಲಿ ಅಷ್ಟೇ ಬೆಳಕಿನ ಚುಕ್ಕೆ ಮೂಡಿದವು. ಒಂದು ದೀಪ ಮುಚ್ಚಿದರೆ ಅದರದ್ದೇ ಚುಕ್ಕೆ ಮಾತ್ರ ಹೋಗುತ್ತದೆ, ತೆಗೆದರೆ ಮತ್ತೆ ಅಲ್ಲೇ ಬರುತ್ತದೆ. ಎಲ್ಲ ಬೆಳಕೂ ಒಂದೇ ಸಣ್ಣ ತೂತಿನಿಂದ ಹಾದು ಹೋದರೂ ಒಂದರಲ್ಲಿ ಒಂದು ಕಲಸಿ ಹೋಗುವುದಿಲ್ಲ, ಪ್ರತಿಯೊಂದೂ ನೇರ ಗೆರೆಯಲ್ಲೇ ಹೋಗುತ್ತದೆ ಎಂದು ಇದರಿಂದ ತೋರಿಸಿದರು. ಕ್ಯಾಮೆರಾ ಕಂಡುಹಿಡಿದವರೇ ಇವರು ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಸರಿಯಲ್ಲ. ತೂತಿನಿಂದ ಬಿಂಬ ಬೀಳುವುದು ಚೀನಾದವರಿಗೂ ಗ್ರೀಕರಿಗೂ ಮೊದಲೇ ಗೊತ್ತಿತ್ತು. ಇವರ ಸಾಧನೆ ಅದಕ್ಕಿಂತ ದೊಡ್ಡದು. ಮಾತಿನ ವಾದವನ್ನು ಬಿಟ್ಟು, ಒಂದೊಂದೇ ಅಂಶ ಬದಲಾಯಿಸಿ ಪರೀಕ್ಷೆ ಮಾಡುವ ಕ್ರಮವನ್ನು ಬೆಳಕಿನ ಶಾಸ್ತ್ರಕ್ಕೆ ತಂದರು.

ಬೆಳಕು ಕಡಿಮೆಯಾದರೆ ಏನಾಗುತ್ತದೆ?

ಪುಸ್ತಕದ ಮೊದಲ ಭಾಗದಲ್ಲೇ ಈ ವಿಷಯ ಬರುತ್ತದೆ. ಸಣ್ಣ ಅಕ್ಷರ, ನವಿರಾದ ಕೆತ್ತನೆ ಒಳ್ಳೆ ಬೆಳಕಿನಲ್ಲಿ ಕಾಣುತ್ತದೆ, ಮಬ್ಬಿನಲ್ಲಿ ಕಾಣುವುದಿಲ್ಲ. ಗಾಢವಾದ ನೀಲಿ, ಗಾಢ ಕೆಂಪು ಬಣ್ಣಗಳು ಕತ್ತಲೆಯ ಜಾಗದಲ್ಲಿ ಬರೀ ಕಪ್ಪಾಗಿ ತೋರುತ್ತವೆ. ಹತ್ತಿರ ಹತ್ತಿರದ ಹಲವು ಬಣ್ಣ ಇರುವ ವಸ್ತು ಮಬ್ಬು ಬೆಳಕಿನಲ್ಲಿ ಒಂದೇ ಕಪ್ಪು ಬಣ್ಣದ್ದೆಂದು ಕಾಣುತ್ತದೆ. ಬಟ್ಟೆ ಅಂಗಡಿಯಲ್ಲಿ ಸೀರೆ ಆರಿಸುವ ಹೆಂಗಸರು ಅದನ್ನು ಬಾಗಿಲಿನ ಹೊರಗೆ ಹಿಡಿದು ನೋಡುವುದು ಇದೇ ಕಾರಣಕ್ಕೆ.

ಬೆಳಕು ಹೆಚ್ಚಾದರೂ ತೊಂದರೆ ಉಂಟು. ಹಗಲಿನಲ್ಲಿ ನಕ್ಷತ್ರ ಇದ್ದಲ್ಲೇ ಇರುತ್ತದೆ, ಕಾಣುವುದಿಲ್ಲ. ರಾತ್ರಿ ಮಿನುಗುವ ಮಿಂಚುಹುಳು ಹಗಲು ಬರೀ ಒಂದು ಹುಳ. ರಮಝಾನಿನ ಚಂದ್ರ ನೋಡಲು ಕಡಲ ತೀರದಲ್ಲಿ ನಿಂತವರಿಗೆ ಇದು ಚೆನ್ನಾಗಿ ಗೊತ್ತು. ಚಂದ್ರನ ಎಳೆ ಆಕಾಶದಲ್ಲಿ ಇದ್ದರೂ ಸುತ್ತಲಿನ ಬೆಳಕು ತಗ್ಗುವವರೆಗೆ ಕಣ್ಣಿಗೆ ಸಿಗುವುದಿಲ್ಲ.

ಗುರುತು ಹಿಡಿಯುವುದು ನೆನಪಿನ ಕೆಲಸ

ಎರಡನೇ ಭಾಗದಲ್ಲಿ ಇಬ್ನುಲ್ ಹೈಸಮ್ ಇನ್ನೂ ಆಳಕ್ಕೆ ಹೋಗುತ್ತಾರೆ. ಕಾಣುವುದು ಬೇರೆ, ಗುರುತು ಹಿಡಿಯುವುದು ಬೇರೆ. ಗುರುತು ಹಿಡಿಯುವುದನ್ನು ಅವರು ಮಅರಿಫ ಎಂದು ಕರೆದರು. ಈಗ ಕಣ್ಣಿಗೆ ಬಿದ್ದ ರೂಪವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡ ರೂಪದ ಜತೆ ಹೋಲಿಸಿ ನೋಡುವುದು ಅದು. ನೆನಪಿಲ್ಲದಿದ್ದರೆ ಗುರುತೂ ಇಲ್ಲ. ಅಷ್ಟೇ ಅಲ್ಲ, ಮನಸ್ಸು ಪ್ರತಿ ಸಲ ಇಡೀ ಮುಖವನ್ನು ಪರೀಕ್ಷೆ ಮಾಡುವುದಿಲ್ಲ. ಕೆಲವು ಚಿಹ್ನೆ ಸಿಕ್ಕಿದರೆ ಸಾಕು, ತೀರ್ಮಾನಕ್ಕೆ ಹಾರುತ್ತದೆ. ಓದು ಬಲ್ಲವರು ಅಬ್ಜದ್ ಎಂಬ ಪದವನ್ನು ಒಂದೊಂದೇ ಅಕ್ಷರ ಕೂಡಿಸದೆ ಒಂದೇ ನೋಟಕ್ಕೆ ಓದುತ್ತಾರೆ ಎಂದು ಅವರು ಉದಾಹರಣೆ ಕೊಟ್ಟರು. ಮದ್ರಸದಲ್ಲಿ ಈಗಷ್ಟೇ ಅಲಿಫ್ ಬಾ ಕಲಿಯುವ ಮಗು ಅದೇ ಪದದಲ್ಲಿ ಅಕ್ಷರ ಅಕ್ಷರಕ್ಕೆ ತಡೆಯುತ್ತದೆ.

ಮೂರನೇ ಭಾಗ ಪೂರ್ತಿ ತಪ್ಪುಗಳ ಲೆಕ್ಕ. ಕಣ್ಣು ಸರಿಯಾಗಿ ನೋಡಬೇಕಾದರೆ ಎಂಟು ವಿಷಯ ಹದದಲ್ಲಿರಬೇಕು ಎಂದರು. ದೂರ, ವಸ್ತು ಇರುವ ಭಂಗಿ, ಬೆಳಕು, ಗಾತ್ರ, ವಸ್ತುವಿನ ಗಟ್ಟಿತನ, ನಡುವಿನ ಗಾಳಿಯ ಸ್ವಚ್ಛತೆ, ನೋಡಲು ಸಿಗುವ ಸಮಯ, ಕಣ್ಣಿನ ಆರೋಗ್ಯ. ಇವುಗಳಲ್ಲಿ ಯಾವುದು ಹದ ತಪ್ಪಿದರೂ ನೋಟ ತಪ್ಪಬಹುದು. ಗುರುತು ಹಿಡಿಯುವುದೂ ತಪ್ಪಬಹುದು, ಗೊತ್ತಿಲ್ಲದವರನ್ನು ಗೊತ್ತಿದ್ದವರೆಂದು ಎಣಿಸಬಹುದು. ಮಗ್ರಿಬ್ ನಂತರ ಅಪರಿಚಿತರಿಗೆ ಪಕ್ಕದ ಮನೆಯವರೆಂದು ಸಲಾಂ ಹೇಳಿದ್ದಕ್ಕೆ ಪೂರ್ತಿ ವಿವರಣೆ ಇಲ್ಲಿದೆ. ಬೆಳಕು ಕಡಿಮೆ, ದೂರ ಹೆಚ್ಚು, ಸಮಯ ಸ್ವಲ್ಪ. ಸಿಕ್ಕಿದ ಚಿಹ್ನೆ ಟೊಪ್ಪಿ ಮತ್ತು ನಡಿಗೆ ಮಾತ್ರ. ಉಳಿದದ್ದನ್ನು ಮನಸ್ಸೇ ತುಂಬಿಸಿತು.

ಇಂದಿನ ಕ್ಯಾಮೆರಾದ ಕಥೆಯೂ ಅದೇ

ಮಂಗಳೂರು, ಕೊಚ್ಚಿ, ತಿರುವನಂತಪುರ ಮೂರೂ ಕೇಂದ್ರದ ಸ್ಮಾರ್ಟ್ ಸಿಟಿ ಪಟ್ಟಿಗೆ ಆಯ್ಕೆಯಾಗಿದ್ದ ನಗರಗಳು. ಕಾಸರಗೋಡು, ಉಪ್ಪಳ, ಮಂಜೇಶ್ವರದಿಂದ ಕಾಲೇಜಿಗೆ, ಆಸ್ಪತ್ರೆಗೆ, ವ್ಯಾಪಾರಕ್ಕೆ ದಿನಾ ಮಂಗಳೂರಿಗೆ ಹೋಗಿ ಬರುವ ನಮ್ಮ ಜನರು ಎಷ್ಟೋ ಕ್ಯಾಮೆರಾಗಳ ಕೆಳಗೆ ಹಾದು ಹೋಗುತ್ತಾರೆ. ಇಂತಹ ಕ್ಯಾಮೆರಾದ ಚಿತ್ರದಿಂದ ಮುಖ ಗುರುತಿಸುವ ತಂತ್ರಜ್ಞಾನ ಜಗತ್ತಿನ ಹಲವು ನಗರಗಳಲ್ಲಿ ಈಗಾಗಲೇ ಬಳಕೆಯಲ್ಲಿದೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ನಮ್ಮ ಯುವಕರು ತಿಳಿದಿರುವುದು ಒಳ್ಳೆಯದು.

ಸಾಫ್ಟ್‌ವೇರ್ ಒಂದು ಮುಖವನ್ನು ಸಂಖ್ಯೆಗಳ ಸಾಲಾಗಿ ಬದಲಾಯಿಸುತ್ತದೆ, ಕೆಲವು ವ್ಯವಸ್ಥೆಗಳಲ್ಲಿ 128, ಕೆಲವುಗಳಲ್ಲಿ 512 ಸಂಖ್ಯೆ. ಮೊದಲೇ ಸಂಗ್ರಹಿಸಿಟ್ಟ ಮುಖಗಳ ಸಂಖ್ಯೆಗಳ ಜತೆ ಅದನ್ನು ಹೋಲಿಸುತ್ತದೆ. ನಿಗದಿ ಮಾಡಿದ ಮಿತಿಗಿಂತ ಹೆಚ್ಚು ಹೋಲಿಕೆ ಇದ್ದರೆ ಇವರೇ ಎನ್ನುತ್ತದೆ. ಈಗಿನ ರೂಪ, ನೆನಪಿನ ರೂಪ, ಹೋಲಿಕೆ. ಇಬ್ನುಲ್ ಹೈಸಮ್ ಬರೆದ ಮಅರಿಫದ ಕ್ರಮವೇ ಇಲ್ಲಿಯೂ ಕಾಣುತ್ತದೆ.

ರಾತ್ರಿಯ ಚಿತ್ರದಲ್ಲಿ ತೊಂದರೆ ಶುರುವಾಗುತ್ತದೆ. ಕ್ಯಾಮೆರಾದ ಸೆನ್ಸರ್‌ಗೆ ಬೀಳುವ ಬೆಳಕೇ ಕಡಿಮೆ. ಆಗ ಮುಖದ ವಿವರ ಯಾವುದು, ಸೆನ್ಸರ್‌ನ ಸ್ವಂತ ಗದ್ದಲ ಯಾವುದು ಎಂದು ಬೇರೆ ಮಾಡುವುದು ಕಷ್ಟ. ಚಿತ್ರವನ್ನು ಬರೀ ಬೆಳಗಿಸಿದರೆ ಮುಖದ ಜತೆ ಗದ್ದಲವೂ ಬೆಳಗುತ್ತದೆ. ಅದಕ್ಕೇ ವಿಜ್ಞಾನಿಗಳು ಬೇರೆ ದಾರಿ ಹುಡುಕಿದರು. ಪೋಲರಾಯ್ಡ್ ಸ್ಥಾಪಿಸಿದ ಎಡ್ವಿನ್ ಲ್ಯಾಂಡ್ ಮತ್ತು ಜಾನ್ ಮೆಕ್ಯಾನ್ 1971ರಲ್ಲಿ ಪ್ರಕಟಿಸಿದ ರೆಟಿನೆಕ್ಸ್ ಸಿದ್ಧಾಂತ ಅದರಲ್ಲಿ ಮುಖ್ಯ. ಚಿತ್ರದಲ್ಲಿ ಎರಡು ಪಾಲು ಸೇರಿರುತ್ತದೆ, ವಸ್ತುವಿನ ಮೇಲೆ ಬಿದ್ದ ಬೆಳಕು ಒಂದು, ವಸ್ತು ತಾನಾಗಿ ಹಿಂದಕ್ಕೆ ಕಳುಹಿಸುವ ಪ್ರಮಾಣ ಇನ್ನೊಂದು. ಎರಡನ್ನೂ ಬೇರೆ ಮಾಡಿ ಬೆಳಕಿನ ಪಾಲನ್ನು ಮಾತ್ರ ತಿದ್ದಿದರೆ ವಸ್ತುವಿನ ನಿಜ ರೂಪ ಮೇಲೆ ಬರುತ್ತದೆ ಎನ್ನುವ ಲೆಕ್ಕ. ಕಣ್ಣಿಗೆ ಬೆಳಕೂ ಬಣ್ಣವೂ ಬೆರೆತೇ ಬರುತ್ತವೆ, ಮನಸ್ಸು ಅವನ್ನು ಬೇರೆ ಬೇರೆಯಾಗಿ ತಿಳಿಯುತ್ತದೆ ಎಂದು ಕಿತಾಬುಲ್ ಮನಾಝಿರ್ ಬರೆದವರು ಇದನ್ನು ನೋಡಿದ್ದರೆ ಖುಷಿ ಪಡುತ್ತಿದ್ದರು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಸಾವಿರಾರು ಮಬ್ಬು ಚಿತ್ರ ಮತ್ತು ಅದೇ ದೃಶ್ಯದ ಬೆಳಗಿದ ಚಿತ್ರಗಳನ್ನು ತೋರಿಸಿ ಕಂಪ್ಯೂಟರ್‌ಗೆ ಕಲಿಸುತ್ತಾರೆ. ಫಲಿತಾಂಶ ನೋಡಲು ಚಂದ. ಆದರೆ ಒಂದು ವಿಷಯ ಮರೆಯಬಾರದು. ಸೆನ್ಸರ್‌ಗೆ ಬಾರದೇ ಹೋದ ವಿವರವನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲಿಕ್ಕಾಗುವುದಿಲ್ಲ. ತಾನು ಕಲಿತ ಬೇರೆ ಮುಖಗಳ ನೆನಪಿನಿಂದ ಊಹಿಸಿ ತುಂಬಿಸಬಹುದು ಅಷ್ಟೇ. ಸ್ಪಷ್ಟವಾಗಿ ಕಂಡ ಮೂಗು, ಗಲ್ಲ ನಿಜವಾಗಿ ಆ ವ್ಯಕ್ತಿಯದ್ದೇ ಎನ್ನಲು ಗ್ಯಾರಂಟಿ ಇಲ್ಲ.

ಲೆಕ್ಕ ಹಾಕಿ ನೋಡಿ. ಒಂದು ವ್ಯವಸ್ಥೆ ಸಾವಿರಕ್ಕೆ ಒಂದೇ ತಪ್ಪು ಮಾಡುತ್ತದೆ ಅಂತಿಟ್ಟುಕೊಳ್ಳಿ. ಕೇಳಲು ತುಂಬಾ ಒಳ್ಳೆಯದು. ದಿನಕ್ಕೆ ಒಂದು ಲಕ್ಷ ಮುಖ ಅದರ ಎದುರು ಹಾದು ಹೋದರೆ ನೂರು ಮಂದಿ ತಪ್ಪು ಪಟ್ಟಿಯಲ್ಲಿ ಬರುತ್ತಾರೆ. ಆ ನೂರರಲ್ಲಿ ಒಬ್ಬ ಮನೆಯ ಮಗನಾದರೆ ಆ ಮನೆಗೆ ಅದು ಸಾವಿರಕ್ಕೆ ಒಂದಲ್ಲ. ಎಲ್ಲರಿಗೂ ತಪ್ಪು ಒಂದೇ ಪ್ರಮಾಣದಲ್ಲಿ ಆಗುವುದೂ ಇಲ್ಲ. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು 2018ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ ಬಿಳಿ ಮೈಬಣ್ಣದ ಗಂಡಸರಲ್ಲಿ ತಪ್ಪು ಶೇ. 1ಕ್ಕಿಂತಲೂ ಕಡಿಮೆ, ಕಪ್ಪು ಮೈಬಣ್ಣದ ಹೆಂಗಸರಲ್ಲಿ ಒಂದು ವ್ಯವಸ್ಥೆಯದ್ದು ಶೇ. 34ಕ್ಕಿಂತ ಹೆಚ್ಚು.

ಡೆಟ್ರಾಯಿಟ್‌ನ ಆ ಪ್ರಕರಣ ಕೋರ್ಟಿಗೆ ಹೋಯಿತು. 2024ರಲ್ಲಿ ಆದ ಒಪ್ಪಂದದ ಪ್ರಕಾರ ಮುಖ ಗುರುತಿಸುವ ಸಾಫ್ಟ್‌ವೇರ್ ಹೇಳಿತು ಎಂಬ ಒಂದೇ ಕಾರಣಕ್ಕೆ ಅಲ್ಲಿನ ಪೊಲೀಸರು ಯಾರನ್ನೂ ಬಂಧಿಸುವಂತಿಲ್ಲ. ಬೇರೆ ಸಾಕ್ಷ್ಯ ಬೇಕು.

ಟಾಲೆಮಿಯನ್ನೂ ಬಿಡಲಿಲ್ಲ

ಇಬ್ನುಲ್ ಹೈಸಮ್ ಇದ್ದಿದ್ದರೆ ಇದನ್ನೇ ಕೇಳುತ್ತಿದ್ದರು ಎನ್ನಲು ಕಾರಣ ಅವರ ಇನ್ನೊಂದು ಪುಸ್ತಕ. ಟಾಲೆಮಿಯ ಗ್ರಂಥವನ್ನು ನಕಲು ಮಾಡಿ ಹೊಟ್ಟೆ ಹೊರೆದ ಇದೇ ಮನುಷ್ಯ ಟಾಲೆಮಿಯ ತಪ್ಪುಗಳನ್ನು ಎತ್ತಿ ತೋರಿಸಿ ಒಂದು ಪುಸ್ತಕ ಬರೆದರು. ಹೆಸರು ದೊಡ್ಡದು ಎಂದು ನಂಬಬಾರದು, ಸತ್ಯ ಹುಡುಕುವವನು ಓದಿದ್ದನ್ನೆಲ್ಲ ಪ್ರಶ್ನಿಸಬೇಕು, ಹಾಗೆ ಪ್ರಶ್ನಿಸುವಾಗ ತನ್ನ ಮೇಲೂ ಸಂಶಯ ಇಟ್ಟುಕೊಳ್ಳಬೇಕು ಎನ್ನುವುದು ಅದರ ಮುನ್ನುಡಿಯ ಸಾರ.

ಅವರೂ ತಪ್ಪು ಮಾಡಿದ್ದಾರೆ. ಕಣ್ಣಿನೊಳಗೆ ನೋಟ ಮೊದಲು ನಡೆಯುವುದು ಮಸೂರದಲ್ಲಿ ಎಂದು ಭಾವಿಸಿದ್ದರು. ಅದು ಹಿಂದಿನ ಪರದೆ ರೆಟಿನಾದಲ್ಲಿ, ತಲೆಕೆಳಗಾಗಿ ಮೂಡುತ್ತದೆ ಎಂದು ಜರ್ಮನಿಯ ಕೆಪ್ಲರ್ 1604ರಲ್ಲಿ ವಿವರಿಸಿದ. ಕೆಪ್ಲರ್ ಅಲ್ಲಿಗೆ ಮುಟ್ಟಿದ್ದು ಇಬ್ನುಲ್ ಹೈಸಮ್ ಹಾಕಿದ ದಾರಿಯಲ್ಲೇ. ಕಿತಾಬುಲ್ ಮನಾಝಿರ್ 1200ರ ಆಸುಪಾಸಿನಲ್ಲಿ ಲ್ಯಾಟಿನ್‌ಗೆ ಹೋಯಿತು, ರೋಜರ್ ಬೇಕನ್‌ನಂತಹವರು ಓದಿದರು, 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಇರಾನಿನ ಕಮಾಲುದ್ದೀನ್ ಅಲ್ ಫಾರಿಸಿ ಅದಕ್ಕೆ ದೊಡ್ಡ ವ್ಯಾಖ್ಯಾನ ಬರೆದು, ಕಾಮನಬಿಲ್ಲು ಹೇಗೆ ಮೂಡುತ್ತದೆ ಎಂದು ವಿವರಿಸಿದರು.

ಇಬ್ನುಲ್ ಹೈಸಮ್ ಸುಮಾರು 1040ರಲ್ಲಿ ಕೈರೋದಲ್ಲಿ ತೀರಿಕೊಂಡರು. ಇಂದು ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. ಇರಾಕಿನ 10,000 ದೀನಾರ್ ನೋಟಿನಲ್ಲಿ ಅವರ ಚಿತ್ರವಿದೆ. ವರ್ಷಕ್ಕೆ 150 ದೀನಾರ್‌ಗೆ ಪುಸ್ತಕ ಬರೆದು ಬದುಕಿದವರ ಚಿತ್ರ. 2015ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಬೆಳಕಿನ ವರ್ಷವಾಗಿ ಆಚರಿಸಿದಾಗ ಯುನೆಸ್ಕೋ ಅವರನ್ನು ಮತ್ತೆ ನೆನಪಿಸಿತು.

ಅವರ ಹೆಸರು ಹೇಳಿ ಹೆಮ್ಮೆ ಪಡುವುದು ಸುಲಭ. ಅವರ ಅಭ್ಯಾಸ ಕಲಿಯುವುದು ಕಷ್ಟ, ಆದರೆ ಈಗ ಅದೇ ಬೇಕಾಗಿರುವುದು. ಕಂಪ್ಯೂಟರ್ ಸೈನ್ಸ್ ಕಲಿಯುವ ನಮ್ಮ ಮಕ್ಕಳು ಮಬ್ಬು ಚಿತ್ರವನ್ನು ಬೆಳಗಿಸುವ ಪ್ರೋಗ್ರಾಂ ಬರೆಯಲಿ. ಕಾನೂನು ಓದುವವರು ಬೆಳಗಿಸಿದ ಚಿತ್ರವನ್ನು ಸಾಕ್ಷಿ ಎಂದು ತಂದಾಗ ಮೂಲ ಚಿತ್ರ ಎಲ್ಲಿ, ಎಷ್ಟು ಬೆಳಕಿತ್ತು, ಎಷ್ಟು ದೂರವಿತ್ತು, ಎಷ್ಟು ಹೊತ್ತು ಕಂಡಿತು, ಉಳಿದದ್ದನ್ನು ತುಂಬಿಸಿದ್ದು ಯಾರು ಎಂದು ಕೇಳಲಿ. ಪ್ರಶ್ನೆಗಳ ಪಟ್ಟಿಯನ್ನು ಬಸ್ರಾದ ಒಬ್ಬರು ಸಾವಿರ ವರ್ಷದ ಹಿಂದೆಯೇ ತಯಾರು ಮಾಡಿ ಇಟ್ಟಿದ್ದಾರೆ.